ಗೆರಟೆ ಹೊತ್ತು ನಡೆಯುವ ಜೀವ

ಹಟ್ಟಿಯಂಗಡಿಯ ಮಗ್ಗುಲಲ್ಲಿ ಹರಿಯುವ ವಾರಾಹಿ ಮುಂದೆ ಪಂಚಗಂಗಾವಳಿಯಾಗಿ ಗಂಗೊಳ್ಳಿಯ ಅಳಿವೆಯಲ್ಲಿ ಕಡಲು ಸೇರುತ್ತದೆ. ಈ ಕರಾವಳಿಯ ಹೆಚ್ಚಿನವರು ಆಕ್ಟೋಪಸ್ ನೋಡಿದ್ದರೆ ಅದು ಬಂದರಿನ ದಕ್ಕೆಯಲ್ಲೇ: ಟ್ರಾಲ್ ಬಲೆಯಿಂದ ಬೊಂಡಾಸಿನ ಜೊತೆ ಬಂದು, ಐಸಿನ ಮೇಲೆ ಬಿದ್ದಿರುವ ಬಣ್ಣಗೆಟ್ಟ ಮುದ್ದೆಯಾಗಿ. ಕರಾವಳಿಯ ಹೆದ್ದಾರಿಯಲ್ಲಿ ಉತ್ತರಕ್ಕೆ ಬೈಂದೂರು, ಭಟ್ಕಳ ದಾಟಿದರೆ ಮುರ್ಡೇಶ್ವರ. ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿಗಿಳಿಯುವವರಿಗೆ ಬಂಡೆಯ ಸಂದಿಯ ಆಕ್ಟೋಪಸ್ ಎಂದರೆ ಎಲ್ಲಿಲ್ಲದ ಮೋಹ. ಈ ಮೋಹವನ್ನು ಪ್ರವಾಸಿಗರ ಶೋಕಿ ಎಂದು ತಳ್ಳಿಹಾಕುವುದು ಸುಲಭ. ಆದರೆ ಆಕ್ಟೋಪಸ್ ಎಂಥ ಜೀವ ಎಂಬ ವಿಚಾರದಲ್ಲಿ ದಕ್ಕೆಯಲ್ಲಿ ನಿಂತವನ ಸಾಕ್ಷಿಗಿಂತ ಮುಳುಗುಗಾರನ ಸಾಕ್ಷಿಯೇ ಗಟ್ಟಿಯಾದದ್ದು. ಕಡಲನ್ನು ನಂಬಿ ಬದುಕುವ ನಾವು ಅದಕ್ಕೆ ಕಿವಿಗೊಡಬೇಕು.

ಮುಳುಗುಗಾರ ಮೊದಲು ಹುಡುಕುವುದು ಆಕ್ಟೋಪಸ್ಸನ್ನಲ್ಲ, ಅದರ ಊಟದ ಗುರುತನ್ನು. ಬಂಡೆಯ ಸಂದಿಯ ಬಾಯಲ್ಲಿ ಏಡಿಯ ಓಡು, ಒಡೆದ ಚಿಪ್ಪುಗಳ ಸಣ್ಣ ಗುಡ್ಡೆ ಇದ್ದರೆ ಒಳಗೆ ಯಾರೋ ವಾಸವಿದ್ದಾರೆಂದು ಅರ್ಥ. ತುಸು ದೂರದಲ್ಲಿ ಅಲುಗಾಡದೆ ನಿಂತರೆ ಅಡ್ಡಗೆರೆಯಂಥ ಪಾಪೆಯಿರುವ ಕಣ್ಣೊಂದು ಮೇಲೇಳುತ್ತದೆ. ಬಂಡೆಯ ಬಣ್ಣಕ್ಕಿದ್ದ ಚರ್ಮ ಕ್ಷಣದಲ್ಲಿ ಕಂದಾಗುತ್ತದೆ, ಮತ್ತೆ ಬಿಳಿಚಿಕೊಳ್ಳುತ್ತದೆ, ನುಣುಪಾಗಿದ್ದದ್ದು ಮುಳ್ಳುಮುಳ್ಳಾಗುತ್ತದೆ. ಚರ್ಮದೊಳಗಿನ ಬಣ್ಣದ ಚೀಲಗಳನ್ನು ಸ್ನಾಯುಗಳು ಎಳೆದು ಹಿಗ್ಗಿಸುತ್ತವೆ. ಆ ಸ್ನಾಯುಗಳಿಗೆ ಆಜ್ಞೆ ಮಿದುಳಿನಿಂದ ನೇರವಾಗಿ ನರಗಳ ಮೂಲಕ ಬರುತ್ತದೆ. ಬಣ್ಣ ಬದಲಾಗಲು ರೆಪ್ಪೆ ಬಡಿಯುವಷ್ಟೂ ಹೊತ್ತು ಬೇಡ. ಇಷ್ಟಾಗಿಯೂ ಅದರ ಕಣ್ಣಿನಲ್ಲಿ ಬೆಳಕನ್ನು ಹಿಡಿಯುವ ಕೋಶಗಳು ಒಂದೇ ಬಗೆಯವು; ನಾವು ಕಾಣುವಂತೆ ಅದು ಬಣ್ಣಗಳನ್ನು ಕಾಣಲಾರದು. ಸಾಮಾನ್ಯ ಆಕ್ಟೋಪಸ್ಸಿಗೆ ಸುಮಾರು 50 ಕೋಟಿ ನರಕೋಶಗಳು. ಬಸವನಹುಳುವಿನ ಈ ದೂರದ ನೆಂಟ ನರಕೋಶಗಳ ಲೆಕ್ಕದಲ್ಲಿ ಮೊಲದ ಹತ್ತಿರಕ್ಕೆ ಬರುತ್ತದೆ. ಅವುಗಳಲ್ಲಿ ಮೂರನೇ ಎರಡು ಪಾಲು ಇರುವುದು ತಲೆಯಲ್ಲಲ್ಲ, ಎಂಟು ತೋಳುಗಳಲ್ಲಿ. ಮುಟ್ಟಿದ್ದರ ರುಚಿ ತೋಳಿನ ಬಟ್ಟಲುಗಳಿಗೇ ತಿಳಿಯುತ್ತದೆ.

ಮುಳುಗುಗಾರರ ಸಾಕ್ಷಿಗೆ ಅತಿ ದೊಡ್ಡ ಬೆಲೆ ಬಂದದ್ದು 2009ರಲ್ಲಿ. ಜೂಲಿಯನ್ ಫಿನ್, ಟಾಮ್ ಟ್ರೆಗೆಂಜಾ, ಮಾರ್ಕ್ ನಾರ್ಮನ್ ಎಂಬ ವಿಜ್ಞಾನಿಗಳು ಇಂಡೊನೇಷ್ಯಾದ ಕಡಲತಳದಲ್ಲಿ 500ಕ್ಕೂ ಹೆಚ್ಚು ಗಂಟೆ ಮುಳುಗಿ ಕಂಡದ್ದನ್ನು ಆ ವರ್ಷ ಪ್ರಕಟಿಸಿದರು. ಆಂಫಿಯಾಕ್ಟೋಪಸ್ ಮಾರ್ಜಿನೇಟಸ್ ಎಂಬ ಜಾತಿಯ ಆಕ್ಟೋಪಸ್, ಜನ ಎಸೆದ ತೆಂಗಿನ ಗೆರಟೆಯನ್ನು ಹೊಯ್ಗೆಯಿಂದ ಎಬ್ಬಿಸಿ, ಒಳಗಿನ ಕೆಸರು ಕೊಡವಿ, ಹೊಟ್ಟೆಯಡಿ ಹಿಡಿದುಕೊಂಡು, ತೋಳುಗಳನ್ನು ಕೋಲಿನಂತೆ ನೆಟ್ಟು ನಡೆಯುತ್ತದೆ. ಬೇಕೆನಿಸಿದಾಗ ಎರಡು ಗೆರಟೆ ಜೋಡಿಸಿ ಒಳಗೆ ಕೂರುತ್ತದೆ. ತೆಂಗಿನ ನಾಡಾದ ನಮಗೆ ಈ ಪ್ರಾಣಿ ಪರದೇಶಿಯಲ್ಲ. ಭಾರತದ ಕಡಲಲ್ಲೂ ಈ ಜಾತಿ ಇದೆ, ಬಲೆಗೂ ಬೀಳುತ್ತದೆ. ಸನ್ಯಾಸಿ ಏಡಿಯೂ ಶಂಖ ಹೊತ್ತು ತಿರುಗುವುದಿಲ್ಲವೇ, ಇದರಲ್ಲೇನು ಹೆಚ್ಚುಗಾರಿಕೆ ಎಂದು ಕೇಳಬಹುದು. ಏಡಿಗೆ ಆ ಶಂಖ ಹೊತ್ತಷ್ಟು ಹೊತ್ತೂ ರಕ್ಷಣೆ. ಆಕ್ಟೋಪಸ್ಸಿಗೆ ಗೆರಟೆ ಹೊತ್ತು ನಡೆಯುವಾಗ ಲಾಭವಿಲ್ಲ, ನಷ್ಟವೇ: ವೇಗ ಕುಗ್ಗುತ್ತದೆ, ತಲೆ ಬಯಲಿಗೆ ಬೀಳುತ್ತದೆ. ಮುಂದೊಮ್ಮೆ ಬೇಕಾದೀತೆಂದು ಈಗ ಕಷ್ಟಪಡುವ ಈ ನಡೆ ದಕ್ಕೆಯಲ್ಲಿ ಎಷ್ಟು ಸಾವಿರ ಆಕ್ಟೋಪಸ್ ಎಣಿಸಿದರೂ ತಿಳಿಯುತ್ತಿರಲಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು. ಮನುಷ್ಯ ತನ್ನ ಮನಸ್ಸನ್ನೇ ಆಕ್ಟೋಪಸ್ಸಿನ ಕಣ್ಣಿನಲ್ಲಿ ಕಾಣುತ್ತಾನೆ, ಚಾಚಿದ ತೋಳನ್ನು ಸ್ನೇಹವೆಂದು ಭ್ರಮಿಸುತ್ತಾನೆ ಎಂಬುದು. ನಿಜ, ಆ ತೋಳು ತಿನ್ನಲೇನಾದರೂ ಸಿಕ್ಕೀತೇ ಎಂದು ತಡಕುತ್ತಿರಬಹುದು. ನೀರಿಗಿಳಿಸಿದ ಕೈಯ ಬಳಿಗೇ ಬರುತ್ತದೆಂದು ಅರಿಸ್ಟಾಟಲ್ ಈ ಪ್ರಾಣಿಯನ್ನು ದಡ್ಡ ಎಂದಿದ್ದ. ಅದೇ ನಡತೆಯನ್ನು ಇಂದಿನವರು ಕುತೂಹಲ ಎನ್ನುತ್ತಾರೆ. ಹಾಗಾಗಿ ನೋಟವೊಂದೇ ಸಾಲದು, ಪರೀಕ್ಷೆ ಬೇಕು. ಅಮೆರಿಕದ ರಾಬಿನ್ ಕ್ರೂಕ್ 2021ರಲ್ಲಿ ಪ್ರಕಟಿಸಿದ ಪ್ರಯೋಗ ಅಂಥದ್ದು. ಆಕ್ಟೋಪಸ್ ಇಷ್ಟಪಟ್ಟ ಕೋಣೆಯಲ್ಲೇ ಅದಕ್ಕೆ ಉರಿಯುವ ಆಮ್ಲದ ಚುಚ್ಚುಮದ್ದು ಕೊಟ್ಟರು. ಆಮೇಲೆ ಅದು ಆ ಕೋಣೆಯನ್ನು ದೂರವಿಟ್ಟಿತು. ನೋವು ಮರೆಸುವ ಔಷಧಿ ಸಿಕ್ಕಿದ ಕೋಣೆಯನ್ನು ಮೆಚ್ಚಿಕೊಂಡಿತು. ನೋವಿಲ್ಲದ ಆಕ್ಟೋಪಸ್ಸಿಗೆ ಅದೇ ಔಷಧಿ ಕೊಟ್ಟಾಗ ಅಂಥ ಮೆಚ್ಚುಗೆ ಕಾಣಲಿಲ್ಲ. ಮುಟ್ಟಿದರೆ ಮುದುಡುವ ಬರೀ ಪ್ರತಿಕ್ರಿಯೆ ಇದನ್ನೆಲ್ಲ ವಿವರಿಸಲಾರದು. ಬ್ರಿಟನ್ 2022ರ ಪ್ರಾಣಿ ಸಂವೇದನೆ ಕಾಯ್ದೆಯಲ್ಲಿ ಆಕ್ಟೋಪಸ್, ಬೊಂಡಾಸ್‌ಗಳನ್ನು ಸೇರಿಸಿದ್ದು ಇಂಥ ಪುರಾವೆಗಳ ಬಲದಿಂದಲೇ.

ಹಾಗಾದರೆ ಗಂಗೊಳ್ಳಿಯ ಮೀನುಗಾರ ಹಿಡಿಯುವುದನ್ನೇ ಬಿಡಬೇಕೇ? ಹಾಗೆನ್ನುವುದು ಅನ್ಯಾಯ. ಆಕ್ಟೋಪಸ್ಸನ್ನು ಬಲ್ಲವರೇ ಅದನ್ನು ತಿಂದೂ ಇದ್ದಾರೆ. 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದ ಅಮೀನ್‌ದೀವಿ ದ್ವೀಪಗಳೂ ಸೇರಿದಂತೆ ಲಕ್ಷದ್ವೀಪದಲ್ಲಿ, ಇಳಿತದ ಹೊತ್ತಿಗೆ ಹವಳದ ದಿಬ್ಬದ ಮೇಲೆ ನಡೆದು ಅದರ ಬಿಲ ಗುರುತಿಸಿ ಈಟಿಯಿಂದ ಹಿಡಿಯುವ ಜಾಣ್ಮೆ ಹಳೆಯದು. ಕೇಳಬೇಕಾದ್ದು ಸಣ್ಣದು: ಬಲೆ ಎಳೆದ ಮೇಲೆ ಜೀವವಿರುವ ಆಕ್ಟೋಪಸ್ಸನ್ನು ಡೆಕ್ಕಿನಲ್ಲಿ ಉಸಿರುಗಟ್ಟಿ ಸಾಯಲು ಬಿಡದೆ, ಮಿದುಳಿರುವ ಜಾಗಕ್ಕೆ, ಅಂದರೆ ಎರಡು ಕಣ್ಣುಗಳ ನಡುವೆ ಚೂರಿ ಹಾಕಿ ಬೇಗ ಕೊಲ್ಲುವುದು. ನಮ್ಮ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಗೆ ಮನುಷ್ಯನನ್ನು ಬಿಟ್ಟು ಉಳಿದ ಜೀವಿಗಳೆಲ್ಲ ಪ್ರಾಣಿಗಳೇ. ಆಹಾರಕ್ಕೆ ಕೊಲ್ಲಲು ಅದರ ಅಡ್ಡಿಯಿಲ್ಲ, ಅನಗತ್ಯ ನೋವಿಗಿದೆ. ಹೇಗೂ ಒಂದೆರಡು ವರ್ಷದಲ್ಲಿ ಸಾಯುವ ಜೀವ ತಾನೇ ಎಂಬ ವಾದವೂ ನಿಲ್ಲುವುದಿಲ್ಲ. ಆಯಸ್ಸು ಕಿರಿದೆಂದು ನೋವು ಕಿರಿದಾಗುವುದಿಲ್ಲ.

ಮುಳುಗುಗಾರರಿಗೂ ಒಂದು ಮಾತು ಸಲ್ಲಬೇಕು. ಫೋಟೋದ ಆಸೆಗೆ ಕೋಲು ತೂರಿ ಆಕ್ಟೋಪಸ್ಸನ್ನು ಬಿಲದಿಂದ ಎಬ್ಬಿಸಿದರೆ ಮೋಹವೇ ಕಾಟವಾಗುತ್ತದೆ. ಮೊಟ್ಟೆಯಿಟ್ಟ ಹೆಣ್ಣು ಊಟ ಬಿಟ್ಟು, ಮೊಟ್ಟೆಗೊಂಚಲಿಗೆ ನೀರು ಊದುತ್ತ ಕಾಯುತ್ತದೆ. ಮರಿಗಳು ಹೊರಬರುವ ಹೊತ್ತಿಗೆ ಅದರ ಆಯಸ್ಸೂ ಮುಗಿಯುತ್ತದೆ. ಇನ್ನೊಮ್ಮೆ ಮೊಟ್ಟೆಯಿಡುವ ಅವಕಾಶ ಅದಕ್ಕಿಲ್ಲ. ತಾಯಿಯನ್ನು ಓಡಿಸಿದರೆ ಮೊಟ್ಟೆಗಳು ಮೀನುಗಳ ಪಾಲು. ನೇತ್ರಾಣಿಯ ನೀರಿನಲ್ಲಿ ಗೈಡ್ ಬೆರಳು ಮಾಡಿ ತೋರಿಸಿದರೆ ಸಾಕು, ಆ ಬೆರಳು ಬಿಲದೊಳಕ್ಕೆ ಹೋಗಬೇಕಾಗಿಲ್ಲ.