ಮರದ ಗಾಯ, ಬಡಗಿಯ ಮದ್ದು

ಮೆರುಗು ಕೊಟ್ಟು ನಿಲ್ಲಿಸಿದ ಬಾಗಿಲನ್ನು ಕಂಡು ಹೊಗಳುವವರು ಬಹಳ ಮಂದಿ. ಆ ಮೆರುಗು ಏರುವುದಕ್ಕೆ ಮುನ್ನ ಮರದ ಮೈಮೇಲೆ ನಡೆದ ಚಿಕಿತ್ಸೆಯನ್ನು ಕುರಿತು ಕೇಳುವವರು ವಿರಳ. ಗಂಟು ಕಳಚಿಬಿದ್ದ ಗುಳಿ, ಒಣಗುವಾಗ ಬಿಟ್ಟ ಬಿರುಕು, ಹುಳು ಕೊರೆದ ತೂತು, ಉಳಿ ಜಾರಿದ ಗೀರು, ಇವೊಂದೂ ಇಲ್ಲದ ಹಲಗೆ ಲೋಕದಲ್ಲಿ ಅಪರೂಪ. ಇವನ್ನು ತುಂಬಿ ಸಮಮಾಡುವುದು ಬಡಗಿಗೆ ತೀರ ಕಡಮೆ ಹೆಸರು ತರುವ ಕೆಲಸ. ಆದರೆ ಅವನ ಕೈಯ ಜಾಣ್ಮೆಯೂ ಮನಸ್ಸಿನ ಪ್ರಾಮಾಣಿಕತೆಯೂ ಒಟ್ಟಿಗೆ ಒರೆಗೆ ಹತ್ತುವುದು ಅಲ್ಲಿಯೇ.

ರೋಗವನ್ನರಿಯದೆ ಮದ್ದು ಕೊಡಲಾಗದು. ಗಂಟೆಂಬುದು ಕೊಂಬೆಯ ಬುಡ. ಕೊಂಬೆ ಜೀವದಿಂದಿದ್ದಾಗಲೇ ಕಾಂಡವು ಅದನ್ನು ಒಳಗೊಂಡಿದ್ದರೆ, ಗಂಟು ಸುತ್ತಲಿನ ಮರದೊಡನೆ ಬೆಸೆದುಕೊಂಡಿರುತ್ತದೆ. ಕೊಂಬೆ ಸತ್ತ ಮೇಲೆ ಕಾಂಡವು ಅದನ್ನು ಬಳಸಿ ಬೆಳೆದಿದ್ದರೆ ಗಂಟು ಸಡಿಲವಾಗಿ, ಹಲಗೆ ಒಣಗಿದಾಗ ಕಳಚಿಬೀಳುತ್ತದೆ. ಬಿರುಕಿನ ಕಥೆ ಬೇರೆ. ಒಣಗುವ ಮರ ಎಲ್ಲ ದಿಕ್ಕಿಗೂ ಸಮನಾಗಿ ಕುಗ್ಗುವುದಿಲ್ಲ. ಉಂಗುರಗಳ ಗುಂಟ ಆಗುವ ಕುಗ್ಗು, ತಿರುಳಿನಿಂದ ತೊಗಟೆಯ ಕಡೆಗೆ ಆಗುವ ಕುಗ್ಗಿಗಿಂತ ಸಾಮಾನ್ಯವಾಗಿ ಎರಡರಷ್ಟು. ಆ ಜಗ್ಗಾಟದಲ್ಲಿ ಮರ ಸೀಳುತ್ತದೆ. ಇನ್ನು ಸೂಜಿಮೊನೆಯಂಥ ತೂತುಗಳು. ಅವು ಹುಳು ಒಳಹೊಕ್ಕ ಬಾಗಿಲುಗಳೆಂದು ನಾವು ಭಾವಿಸುತ್ತೇವೆ. ಸಾಮಾನ್ಯವಾಗಿ ಅವು ಹೊರಬಿದ್ದ ಬಾಗಿಲುಗಳು. ಮರಿಹುಳುವಾಗಿ ಮರದೊಳಗಿನ ಪಿಷ್ಟವನ್ನುಂಡು, ರೆಕ್ಕೆ ಬಲಿತು ಹೊರಟುಹೋದುದರ ಗುರುತು ಅದು. ಆ ಹುಳುವಿನ ಊಟ ಮುಗಿದಿದೆ. ಅದರ ಒಡಹುಟ್ಟಿದವು ಇನ್ನೂ ಪಂಕ್ತಿಯಲ್ಲಿ ಕುಳಿತಿರಬಹುದು. ಹಲಗೆಯನ್ನು ತಟ್ಟಿದಾಗ ಹೊಸ ಹಿಟ್ಟು ಉದುರಿದರೆ ಮೊದಲು ಹುಳುವಿಗೆ ಮದ್ದು, ಆಮೇಲೆ ತೂತಿಗೆ.

ಚಿಕಿತ್ಸೆಯಲ್ಲಿ ಮೊದಲನೆಯ ವಿವೇಕವೆಂದರೆ ಮರ ಹೋಗಿದೆಯೋ, ಬರಿದೆ ನಲುಗಿದೆಯೋ ಎಂಬುದನ್ನು ನೋಡುವುದು. ಸುತ್ತಿಗೆಯ ಪೆಟ್ಟಿನಿಂದಾದ ತಗ್ಗಿನಲ್ಲಿ ಮರ ಎಲ್ಲಿಗೂ ಹೋಗಿಲ್ಲ, ನಾರು ಅದುಮಿಕೊಂಡಿದೆ, ಅಷ್ಟೆ. ಒದ್ದೆಬಟ್ಟೆ ಹಾಸಿ ಕಾದ ಇಸ್ತ್ರಿಪೆಟ್ಟಿಗೆ ಒತ್ತಿದರೆ ಹಬೆಗೆ ನಾರು ಉಬ್ಬಿ ಮೇಲೇಳುತ್ತದೆ. ಕಳೆದುಹೋದುದಕ್ಕೆ ಮಾತ್ರ ತುಂಬುವಿಕೆ. ಸಣ್ಣ ತೂತಿಗೆ ಅದೇ ಮರದ ನುಣ್ಣನೆಯ ಹೊಟ್ಟನ್ನು ಸರೇಸಿನಲ್ಲಿ ಕಲಸಿ ಒತ್ತುವುದು ವಾಡಿಕೆ. ಅದು ಒಣಗಿದಾಗ ಸುತ್ತಲ ಮರಕ್ಕಿಂತ ಕಪ್ಪಾಗುವುದುಂಟು. ಆದುದರಿಂದ ಬಲ್ಲವರು ಮೊದಲು ಚೂರು ಹಲಗೆಯ ಮೇಲೆ ಪರೀಕ್ಷಿಸುತ್ತಾರೆ. ಒಣಗುತ್ತ ಕುಗ್ಗುವುದೆಂದು ತಿಳಿದು ಅಂಚಿಗಿಂತ ತುಸು ಉಬ್ಬಾಗಿ ತುಂಬುತ್ತಾರೆ. ಗುಳಿ ಆಳವಾಗಿದ್ದರೆ ಪದರಪದರವಾಗಿ. ಸುತ್ತ ಮೆತ್ತಿದ ಸರೇಸನ್ನು ಆಗಲೇ ಒರೆಸದಿದ್ದರೆ ಅಲ್ಲಿ ಮರ ಬಣ್ಣವನ್ನು ಹೀರದೆ ಪೇಲವ ಮಚ್ಚೆಯೊಂದು ಉಳಿಯುತ್ತದೆ. ಸುಣ್ಣದ ಕಲ್ಲಿನ ಬಿಳಿಪುಡಿಯನ್ನು ಅಗಸೆ ಎಣ್ಣೆಯಲ್ಲಿ ನಾದಿದ ಪುಟ್ಟಿ ಬಣ್ಣದ ಅಡಿಗೆ ಸೊಗಸು, ಪಾಲಿಶಿನ ಅಡಿಗೆ ಕಲೆ. ಅರಗಿನ ಪಾಲಿಶಿಗೆ ಕರಗಿಸಿ ಬಿಟ್ಟ ಅರಗೇ ಒಳ್ಳೆಯ ನೆಂಟ. ದೊಡ್ಡ ಗುಳಿಗೆ ಮರದ ತೇಪೆಯೇ ಆಗಬೇಕು; ಎಳೆಗೆ ಎಳೆ ಹೊಂದಬೇಕು, ಎರಡು ತುದಿಯೂ ದೋಣಿಯಂತೆ ಚೂಪಾಗಿರಬೇಕು. ಚೌಕದ ತೇಪೆಯಲ್ಲಿ ಎಳೆಯನ್ನು ಅಡ್ಡ ಕಡಿಯುವ ಗೆರೆ ಕಣ್ಣಿಗೆ ಬಡಿಯುತ್ತದೆ.

ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಈ ತುಂಬುವ ಕೆಲಸವೇ ಕಲೆಯ ತಳಹದಿಯಾಗಿದೆ. ಅಲ್ಲಿಯ ಚಿತ್ರಗಾರರು ಹಗುರ ಮರದಲ್ಲಿ ಬೊಂಬೆಯ ಅಂಗಗಳನ್ನು ಕೆತ್ತಿ ಜೋಡಿಸಿ, ಗೋಣಿನಾರಿನ ಪುಡಿ, ಮರದ ಹೊಟ್ಟು, ಹುಣಿಸೆಬೀಜದ ಅಂಟು ಸೇರಿದ ‘ಕಿಟ್ಟ’ವನ್ನು ಕೈಯಿಂದಲೇ ಮೈಗೆಲ್ಲ ಮೆತ್ತುತ್ತಾರೆ. ಅದರ ಮೇಲೆ ಹತ್ತಿಯ ಚೂರು, ಆಮೇಲೆ ಕಲ್ಲುಪುಡಿಯ ಲೇಪ, ಕೊನೆಗೆ ಬಣ್ಣ. ದೇವಿಯ ಕೊರಳ ಹಾರವೂ ಕಲ್ಲುಪುಡಿಯ ಲೇಪದಲ್ಲಿಯೇ ಉಬ್ಬಿ ಮೂಡುತ್ತದೆ. ಕುಂದನ್ನು ಮುಚ್ಚಲು ಹುಟ್ಟಿದ ಮದ್ದು ಇಲ್ಲಿ ಅಲಂಕಾರವಾಯಿತೆನ್ನಬಹುದು.

ಆದರೆ ಎಲ್ಲ ಕುಂದನ್ನೂ ತುಂಬಿ ಮುಚ್ಚಬಹುದೆ? ನಮ್ಮ ಮನೆಯ ಅಟ್ಟದಲ್ಲಿ ಸಾಗುವಾನಿಯ ತೊಟ್ಟಿಲೊಂದಿತ್ತು. ತಂಗಿಯ ಮಗುವಿಗೆಂದು ಕಳೆದ ವರ್ಷ ಅದನ್ನು ಇಳಿಸಿದೆವು. ಸರಪಳಿಯ ಕೊಂಡಿ ಕೂರುವ ಅಡ್ಡಪಟ್ಟಿಯಲ್ಲಿ ತಿರುಳಲ್ಲದ ಬಿಳಿಮರದ ಭಾಗ ಉಳಿದಿತ್ತು. ಹಿಂದೆಂದೋ ಹುಳು ಅಲ್ಲಿಯೇ ಕೊರೆದಿತ್ತು. ಆಚಾರಿ ದಬ್ಬಣದಿಂದ ಚುಚ್ಚಿ ನೋಡಿದ. ಅದು ಸಲೀಸಾಗಿ ಇಳಿಯಿತು. “ತುಂಬಿ ಬಣ್ಣ ಹೊಡೆದರೆ ಯಾರಿಗೂ ಕಾಣದು ಮೇಷ್ಟ್ರೇ. ಆದರೆ ಮಗುವಿನ ಭಾರ ಹೊರುವುದು ಹೊಟ್ಟಲ್ಲ, ಮರ. ಈ ಪಟ್ಟಿ ತೆಗೆಯಲೇಬೇಕು” ಎಂದ. ನನ್ನ ತಾಯಿಯವರಿಗೆ ಮನಸ್ಸೊಪ್ಪಲಿಲ್ಲ. ನಮ್ಮನ್ನೆಲ್ಲ ತೂಗಿದ ತೊಟ್ಟಿಲು ಅದು. “ಅಮ್ಮಾ, ಪಕ್ಕದ ಚಿತ್ತಾರವನ್ನೆಲ್ಲ ಹಾಗೆಯೇ ಉಳಿಸಿಕೊಡುತ್ತೇನೆ, ಅಲ್ಲಿಯ ಬಿರುಕು ತುಂಬುತ್ತೇನೆ, ಹೊರುವ ಪಟ್ಟಿಯೊಂದನ್ನು ಮಾತ್ರ ಕೇಳಬೇಡಿ” ಎಂದು ಆತ ಕೈಮುಗಿದ. ಹಾಗೆಯೇ ಆಯಿತು. ಹೊಸ ಪಟ್ಟಿಯ ಬಣ್ಣ ತಿಳಿಯಾಗಿ ಎದ್ದು ಕಾಣುತ್ತಿತ್ತು. ಅದನ್ನು ಹಳೆಯದರಂತೆ ತೋರಿಸಲು ಆತ ಹೋಗಲಿಲ್ಲ.

ಓಲೆಗರಿಯ ಗ್ರಂಥಗಳನ್ನು ಸಂಪಾದಿಸುವವರಿಗೂ ಇದೇ ಹುಳುವಿನ ಕಾಟವುಂಟು. ಗರಿಯಲ್ಲಿ ತೂತು ಬಿದ್ದು ಅಕ್ಷರ ಹೋದೆಡೆ ಸಂಪಾದಕನು ಚುಕ್ಕೆಯಿಟ್ಟು ಬಿಡುತ್ತಾನೆ, ಇಲ್ಲವೆ ತನ್ನ ಊಹೆಯನ್ನು ಕಂಸದೊಳಗೆ ಸೇರಿಸುತ್ತಾನೆ. ಕವಿಯದೆಷ್ಟು, ತನ್ನದೆಷ್ಟು ಎಂಬುದು ಓದುಗನಿಗೆ ತಿಳಿದಿರಬೇಕೆಂಬುದು ಆ ಶಾಸ್ತ್ರದ ಮರ್ಯಾದೆ. ಬಡಗಿಗೆ ಕಂಸವಿಲ್ಲ. ಅವನ ತೇಪೆ ಕಾಣದಂತಿರುವುದೇ ಅವನ ಕುಶಲತೆ. ಅದೇ ಕುಶಲತೆಯಿಂದ ಮೋಸವೂ ನಡೆಯಬಹುದು. ಕಣ್ಣಿಗಾಗಿರುವ ಕುಂದನ್ನು ಮರೆಸುವುದು ಕಲೆ, ಭಾರಕ್ಕಾಗಿರುವ ಕುಂದನ್ನು ಮರೆಸುವುದು ಅಪರಾಧ. ಬಾಗಿಲನ್ನೋ ಮಂಚವನ್ನೋ ಕೊಳ್ಳಹೋದವರು ಮೆರುಗನ್ನು ನೋಡಿ ತಲೆದೂಗುವ ಮೊದಲು, ಕೀಲು ಕೂರುವೆಡೆಯಲ್ಲಿ ಬೆರಳಿನಿಂದ ತಟ್ಟಿ, ಒಳಗೇನಿದೆಯೆಂದು ಮಾಡಿದವನನ್ನೇ ಕೇಳಬೇಕು. ನೆಟ್ಟಗೆ ಕೆಲಸ ಮಾಡಿದವನು ಆ ಪ್ರಶ್ನೆಗೆ ಬೇಸರಪಡುವುದಿಲ್ಲ.