ಪರಂಗಿ ನುಡಿಯ ಕಥೆ

ಪಾಶ್ಚಾತ್ಯರನ್ನು ನಮ್ಮ ಹಿರಿಯರು ‘ಪರಂಗಿ’ಯವರೆಂದು ಕರೆಯುತ್ತಿದ್ದುದನ್ನು ವಾಚಕರು ಬಲ್ಲರು. ಕಡಲಾಚೆಯಿಂದ ಬಂದ ಹಣ್ಣೊಂದು ನಮ್ಮ ಹಿತ್ತಲುಗಳಲ್ಲಿ ಇಂದಿಗೂ ಆ ಹೆಸರನ್ನು ಹೊತ್ತು ನಿಂತಿರುವುದು. ಶಬ್ದದ ಮೂಲವು ‘ಫ್ರಾಂಕ್’ ಎಂಬುದು. ಪಶ್ಚಿಮ ಯೂರೋಪಿನ ಕ್ರೈಸ್ತರೆಲ್ಲರನ್ನೂ ಅರಬರು ಈ ಒಂದೇ ಹೆಸರಿನಿಂದ ಕರೆದರು. ಅರಬ್ಬಿ ಪಾರಸಿಗಳ ಮಾರ್ಗವಾಗಿ ಅದು ನಮ್ಮಲ್ಲಿಗೂ ಬಂದಿತು. ಅದೇ ಹೆಸರಿನ ನುಡಿಯೊಂದು ಭೂಮಧ್ಯ ಸಮುದ್ರದ ಬಂದರುಗಳಲ್ಲಿ ಶತಮಾನಗಳ ಕಾಲ ಬಾಳಿ ಅಳಿಯಿತು. ‘ಲಿಂಗ್ವಾ ಫ್ರಾಂಕಾ’, ಎಂದರೆ ಪರಂಗಿಯ ನುಡಿ. ಹಲವು ಜನಾಂಗಗಳ ನಡುವೆ ಯಾವ ಭಾಷೆಯು ಬಳಕೆಗೆ ಬಂದರೂ ವಿದ್ವಾಂಸರು ಈಗ ಅದಕ್ಕೆ ಈ ಹೆಸರನ್ನೇ ಕೊಡುವರು. ಮೂಲ ನುಡಿಯನ್ನು ಸ್ಮರಿಸುವವರು ಮಾತ್ರ ವಿರಳ.

ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಉತ್ತರ ಆಫ್ರಿಕದ ಅಲ್ಜೀರ್ಸ್, ಟ್ಯೂನಿಸ್, ಟ್ರಿಪೋಲಿ ಪಟ್ಟಣಗಳಲ್ಲಿ ಇದು ಮನೆಮಾತಾಗದಿದ್ದರೂ ಬೀದಿಮಾತಾಗಿದ್ದಿತು. ತುರ್ಕಿ ಅಧಿಕಾರಿ, ಅರಬ ವರ್ತಕ, ಯೆಹೂದಿ ದಲ್ಲಾಳಿ, ಇಟಲಿಯ ನಾವಿಕ, ಕಡಲ್ಗಳ್ಳರ ಕೈಗೆ ಸಿಕ್ಕಿ ಗುಲಾಮನಾದ ಸ್ಪೇನಿಗ, ಇವರೆಲ್ಲರೂ ಇದನ್ನಾಡಿದರು. ಇಟಾಲಿಯನ್, ಸ್ಪ್ಯಾನಿಷ್ ಶಬ್ದಗಳೇ ಬಹುಪಾಲು. ಅರಬ್ಬಿ, ತುರ್ಕಿ ಶಬ್ದಗಳು ಒಗ್ಗರಣೆಯಷ್ಟು. ವ್ಯಾಕರಣವೋ ಅಂಗೈಯಲ್ಲಿ ಹಿಡಿಯುವಷ್ಟು. ‘ಮಿ ಅಂದಾರ್’ ಎಂದರೆ ನಾನು ಹೋಗುತ್ತೇನೆ. ‘ತಿ ಅಂದಾರ್’ ಎಂದರೆ ನೀನು ಹೋಗುತ್ತೀಯೆ. ಯಾರು ಹೋದರೂ ಕ್ರಿಯಾಪದವು ಕದಲದು. ‘ಬೇಕು’ ಎಂಬರ್ಥದ ‘ಬಿಸೋನ್ಯೊ’ ಶಬ್ದವನ್ನು ಮುಂದಿಟ್ಟರೆ ಭವಿಷ್ಯತ್ಕಾಲವು ಸಿದ್ಧ. ಪಾಠಶಾಲೆಯಲ್ಲಿ ಶಬ್ದಮಣಿದರ್ಪಣದ ಸೂತ್ರಗಳನ್ನು ಉರುಹೊಡೆದವರಿಗೆ ಅಸೂಯೆಯಾಗುವಷ್ಟು ಸುಲಭ!

1575ರಿಂದ 1580ರವರೆಗೆ ಅಲ್ಜೀರ್ಸಿನಲ್ಲಿ ಸೆರೆಯಾಳಾಗಿದ್ದ ಸೆರ್ವಾಂಟಿಸನು, 1605ರಲ್ಲಿ ಅಚ್ಚಾದ ‘ಡಾನ್ ಕ್ವಿಕ್ಸೋಟ್’ ಕಥೆಯಲ್ಲಿ ಈ ಬೆರಕೆ ಮಾತನ್ನು ಪ್ರಸ್ತಾಪಿಸಿರುವನು. ಹಾಯೆದೋ ಎಂಬ ಪಾದ್ರಿಯ ಹೆಸರಿನಲ್ಲಿ 1612ರಲ್ಲಿ ಪ್ರಕಟವಾದ ಅಲ್ಜೀರ್ಸಿನ ವರ್ಣನೆಯು, ಈ ನುಡಿಯನ್ನು ಬಳಸದ ಮನೆಯೇ ಅಲ್ಲಿ ಇಲ್ಲವೆನ್ನುವುದು. ಫ್ರೆಂಚ್ ನಾಗರಿಕರಿಗೆ ಇದು ನಗೆಯ ವಸ್ತು. 1670ರಲ್ಲಿ ಮೋಲಿಯೇರನು ತನ್ನ ಪ್ರಹಸನವೊಂದರಲ್ಲಿ ಹುಸಿ ತುರ್ಕರ ಬಾಯಲ್ಲಿ ಇದನ್ನಿಟ್ಟು ರಾಜಸಭೆಯನ್ನು ನಗಿಸಿದನು. ನಗಲಿ, ಆದರೆ ಸಂಕೋಲೆಯಲ್ಲಿದ್ದವನು ತನ್ನ ಯಜಮಾನನ ಅಪ್ಪಣೆಯನ್ನು ಅರಿತುದೂ, ಅವನಿಗೆ ಬಿನ್ನವಿಸಿಕೊಂಡುದೂ ಈ ಹರಕು ಮಾತಿನಲ್ಲಿಯೇ ಅಲ್ಲವೆ?

ಇದಕ್ಕೊಂದು ಕೋಶವು 1830ರಲ್ಲಿ ಮಾರ್ಸೇಲ್ಸ್ ಪಟ್ಟಣದಲ್ಲಿ ಅಚ್ಚಾಯಿತು. ಯಾರಿಗಾಗಿ? ಅಲ್ಜೀರಿಯವನ್ನು ಜಯಿಸಲು ಹೊರಟ ಫ್ರೆಂಚರಿಗಾಗಿ! ಆ ವರ್ಷದ ಜುಲೈ 5ರಂದು ಅಲ್ಜೀರ್ಸ್ ಅವರ ವಶವಾಯಿತು. ಕೋಶವನ್ನು ಹಿಡಿದು ಬಂದವರಿಂದಲೇ ಆ ನುಡಿಯ ಕಾಲವು ಮುಗಿಯಿತು. ಕಚೇರಿ, ದಂಡು, ಶಾಲೆಗಳಲ್ಲಿ ಫ್ರೆಂಚ್ ಭಾಷೆಯು ನೆಲೆಯೂರಿತು. ಪರಂಗಿ ನುಡಿಯು ‘ಸಬೀರ್’ ಎಂಬ ಹೊಸ ಹೆಸರನ್ನು ಹೊತ್ತು, ಫ್ರೆಂಚ್ ಶಬ್ದಗಳಲ್ಲಿ ಕರಗುತ್ತ ಮರೆಯಾಯಿತು. ಗೆದ್ದ ಭಾಷೆಯು ತನ್ನ ಸೊಬಗಿನಿಂದ ಗೆದ್ದಿತೆನ್ನುವವರು ಫಿರಂಗಿಯನ್ನು ಮರೆತಿರುವರು. ನಮ್ಮ ‘ಫಿರಂಗಿ’ಯೂ ಅದೇ ‘ಫ್ರಾಂಕ್’ ಶಬ್ದದಿಂದ ಹುಟ್ಟಿದುದೆಂಬುದು ಚೋದ್ಯ. 1909ರಲ್ಲಿ ಹ್ಯೂಗೋ ಶೂಖಾರ್ಟ್ ಎಂಬ ಪಂಡಿತನು ಈ ನುಡಿಯ ಕುರಿತು ಬರೆಯಲು ತೊಡಗಿದಾಗ ಆರಿಸಿಕೊಳ್ಳಲು ಚೂರುಪಾರುಗಳೇ ಉಳಿದಿದ್ದುವು.

ಇದನ್ನು ನಮ್ಮದೆನ್ನುವ ಜನವಿಲ್ಲದಿದ್ದುದೇ ಅದಕ್ಕೆ ಮುಳುವಾಯಿತೆಂದು ನಮ್ಮ ಅಭಿಪ್ರಾಯ. ಪೂರ್ವದ ದ್ವೀಪಗಳಲ್ಲಿ ಮಲಯ ಭಾಷೆಯೂ ಇದೇ ಬಗೆಯಲ್ಲಿ ಬಂದರುಗಳ ವ್ಯಾಪಾರದ ಮಾತಾಗಿ ಹರಡಿದ್ದಿತು. ಮಲಾಕ್ಕದ ಪೇಟೆಯಲ್ಲಿ ಗುಜರಾತಿನ ವರ್ತಕನಿಗೂ ಚೀನದವನಿಗೂ ಅದೇ ಸೇತುವೆ. ಡಚ್ಚರು ಆಳುತ್ತಿದ್ದ ಬಟೇವಿಯದಲ್ಲಿ 1928ರ ಅಕ್ಟೋಬರ್ 28ರಂದು ಸೇರಿದ ತರುಣರು, ಹೆಚ್ಚು ಜನರಾಡುವ ಜಾವಾ ಭಾಷೆಯನ್ನು ಬಿಟ್ಟು, ಈ ಪೇಟೆಯ ಮಾತನ್ನೇ ‘ಇಂಡೊನೇಷಿಯದ ಭಾಷೆ’ಯೆಂದು ಕರೆದು ತಮ್ಮ ಐಕ್ಯದ ನುಡಿಯಾಗಿ ಸ್ವೀಕರಿಸಿದರು. 1945ರ ಸಂವಿಧಾನದಲ್ಲಿ ಅದು ರಾಷ್ಟ್ರದ ಆಡಳಿತ ಭಾಷೆಯಾಯಿತು.