ಚಿನ್ನದ ಕಲ್ಲು ಅರೆದವರ ಊರು

ದೇವರಾಯಸಮುದ್ರದ ಕಡೆಯಿಂದ ಬೇತಮಂಗಲ ದಾಟಿ ದಕ್ಷಿಣಕ್ಕೆ ಹೋದರೆ ಕೆಜಿಎಫ್, ಕೋಲಾರದ ಚಿನ್ನದ ಗಣಿಗಳ ಊರು. ಅಲ್ಲಿ ಬೆಟ್ಟದಂತೆ ಬಿದ್ದುಕೊಂಡಿರುವ ಬೂದುಬಣ್ಣದ ರಾಶಿಗಳನ್ನು ಜನ ಸಯನೈಡ್ ದಿಬ್ಬ ಎನ್ನುತ್ತಾರೆ. ನೂರಕ್ಕೂ ಹೆಚ್ಚು ವರ್ಷ ಅರೆದು, ಚಿನ್ನ ತೆಗೆದು, ಹೊರಗೆ ಚೆಲ್ಲಿದ ಕಲ್ಲಿನ ಪುಡಿ ಅದು. ಮೂರು ಕೋಟಿ ಟನ್ನಿಗೂ ಮಿಕ್ಕಿದೆ. ಸಿನಿಮಾದವರೂ ಪತ್ರಿಕೆಯವರೂ ಗಣಿಯ ಆಳದ ಕಥೆ ಹೇಳಿದ್ದಾರೆ. ಮೇಲೆ ಬಂದ ಕಲ್ಲನ್ನು ಅರೆದವರ ಕಥೆ ಯಾರಿಗೂ ಬೇಡವಾಗಿದೆ.

ಆ ಕಥೆ ಶುರುವಾಗುವುದು ಹೆಂಗಸರಿಂದ. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರೆನ್ ಈ ಸೀಮೆಯ ಸರ್ವೆಗೆ ಬಂದಾಗ, ಮಾರಿಕುಪ್ಪಂನಲ್ಲಿ ಊರವರೇ ಚಿನ್ನ ತೆಗೆಯುತ್ತಿದ್ದರು. ಗಂಡಸರು ಗುಂಡಿಗಿಳಿದು ಕಲ್ಲು ಒಡೆಯುತ್ತಿದ್ದರು. ಬುಟ್ಟಿ ಕೈಯಿಂದ ಕೈಗೆ ದಾಟಿ ಮೇಲೆ ಬರುತ್ತಿತ್ತು. ಹೆಂಗಸರು ಆ ಕಲ್ಲನ್ನು ಹಾಸುಬಂಡೆಯ ಮೇಲೆ ಕುಟ್ಟಿ ಪುಡಿ ಮಾಡಿ, ನೀರಲ್ಲಿ ತೊಳೆದು ಚಿನ್ನದ ಕಣ ಆರಿಸುತ್ತಿದ್ದರು. ನನ್ನ ಲೆಕ್ಕದಲ್ಲಿ ಕೋಲಾರದ ಚಿನ್ನದ ಮೊದಲ ಮಿಲ್ಲು ಅದೇ.

1870ರ ದಶಕದಲ್ಲಿ ಮೈಕೆಲ್ ಲಾವೆಲ್ ಎಂಬಾತ ಇಲ್ಲಿ ಚಿನ್ನ ತೆಗೆಯಲು ಮೈಸೂರು ಸರ್ಕಾರದಿಂದ ಪರವಾನಗಿ ಪಡೆದ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. ಆಮೇಲೆ ಕುಟ್ಟುವ ಕೆಲಸ ಯಂತ್ರದ ಪಾಲಾಯಿತು. ಸಾಲಾಗಿ ನಿಂತ ಭಾರದ ಕಬ್ಬಿಣದ ಒನಕೆಗಳು ಹಗಲಿರುಳು ಕಲ್ಲಿನ ಮೇಲೆ ಬೀಳುತ್ತಿದ್ದವು. ಪುಡಿ ನೀರಿನೊಂದಿಗೆ ಕೆಸರಾಗಿ, ಪಾದರಸ ಬಳಿದ ತಾಮ್ರದ ತಗಡುಗಳ ಮೇಲೆ ಹರಿಯುತ್ತಿತ್ತು; ಚಿನ್ನ ಪಾದರಸಕ್ಕೆ ಅಂಟಿ ನಿಲ್ಲುತ್ತಿತ್ತು. ತಪ್ಪಿಸಿಕೊಂಡದ್ದನ್ನು ಸಯನೈಡ್ ಹಿಡಿಯುತ್ತಿತ್ತು. ಮೊದಮೊದಲು ಇದಕ್ಕೆಲ್ಲ ಉಗಿಯ ಬಲ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ ಹರಿದು ಬಂತು. ಬೆಂಗಳೂರಿನ ಬೀದಿದೀಪಕ್ಕಿಂತ ಮೊದಲೇ ಈ ಗಣಿಗಳಿಗೆ ಕರೆಂಟು.

ಕೂಲಿಗಾರರಿಗೆ ಸಿಕ್ಕಿದ್ದು ತಟ್ಟಿಯ ಗುಡಿಸಲುಗಳ ಸಾಲು, ಅಂದರೆ ಲೈನು. ತಮಿಳು ಸೀಮೆಯಿಂದ, ತೆಲುಗು ಸೀಮೆಯಿಂದ ಬಂದ ಬಡವರು, ಹೆಚ್ಚಿನವರು ದಲಿತರು, ಆ ಲೈನುಗಳಲ್ಲೇ ತಲೆಮಾರು ಕಳೆದರು. ಕಲ್ಲಿನ ದೂಳು ಅವರ ಶ್ವಾಸಕೋಶಕ್ಕೆ ಇಳಿಯಿತು. ಇಷ್ಟು ಸಂಪತ್ತು ತೆಗೆದ ಊರು ತನ್ನ ಕೆಲಸಗಾರರನ್ನು ಹೀಗೆ ಇರಿಸಿದ್ದು ಅನ್ಯಾಯ.

2001ರ ಫೆಬ್ರವರಿ 28ರಂದು ಗಣಿ ನಿಂತಿತು. ಮಿಲ್ಲಿನ ಸದ್ದೂ ಇಲ್ಲ. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲು ಈಗಲೂ ಕೋರಮಂಡಲ, ಊರಿಗಾಂ, ಚಾಂಪಿಯನ್ ಎಂಬ ನಿಲ್ದಾಣಗಳಲ್ಲಿ ನಿಲ್ಲುತ್ತದೆ. ಸಮುದ್ರವಿಲ್ಲದ ಕೋಲಾರದಲ್ಲಿ ಕೋರಮಂಡಲ ಹೇಗೆ ಬಂತೆಂದು ಕೇಳುವ ಮಕ್ಕಳಿಗೆ, ಅದೊಂದು ಗಣಿ ಕಂಪನಿಯ ಹೆಸರು ಎಂದು ಹೇಳುವವರು ಕಡಿಮೆಯಾಗುತ್ತಿದ್ದಾರೆ.

ದಿಬ್ಬಗಳಲ್ಲಿ ಉಳಿದ ಚಿನ್ನಕ್ಕಾಗಿ ಮತ್ತೆ ಗಣಿಗಾರಿಕೆ ನಡೆಸುವ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸರ್ಕಾರ ಒಪ್ಪಿದೆ. ಯಂತ್ರಗಳು ದಿಬ್ಬ ಹತ್ತುವ ಮೊದಲು ಲೈನುಗಳಲ್ಲಿ ಉಳಿದಿರುವ ಹಿರಿಯರ ಮಾತು ದಾಖಲಾಗಲಿ. ಕೋಲಾರದ ಕಾಲೇಜುಗಳ ಇತಿಹಾಸ ವಿಭಾಗಗಳು ಈ ಕೆಲಸವನ್ನು ಈ ವರ್ಷವೇ ಕೈಗೆತ್ತಿಕೊಳ್ಳಬೇಕು.